ಏಳು ಶರಟು

ಒಬ್ಬರೇ ಇರುವ ಫೋಟೋ ದೊಡ್ಡದು ಮಾಡಿಸಿದರೆ ನಾನೂರು, ಗುಂಪಿನಿಂದ ಒಬ್ಬರನ್ನು ಬಿಡಿಸಿ ತೆಗೆಯಬೇಕಾದರೆ ಏಳುನೂರು, ಗಾಜು, ಕಟ್ಟಿನ ಖರ್ಚು ಬೇರೆ. ಸ್ಟುಡಿಯೋದಲ್ಲಿ ಇಷ್ಟು ಕೇಳಿಕೊಂಡು ಬಂದ ಚಿಕ್ಕಮ್ಮ ಕುರ್ಚಿ ಹತ್ತಿ ಗೋಡೆಯಿಂದ ಮೊದಲನೇ ಫೋಟೋ ಇಳಿಸಿದಳು. ಕೆಳಗೆ ನಿಂತಿದ್ದ ಅಕ್ಕನ ಮಗಳು ಅದನ್ನು ಇಸಿದುಕೊಂಡು ಅಂಗೈಯಿಂದ ಧೂಳು ಒರೆಸಿದಳು. ತೀರಿಕೊಂಡ ಅವಳ ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಮೂರು ಗಂಟೆಗೆ ಗಾಡಿ ಬರುತ್ತದೆ. ಅಷ್ಟರೊಳಗೆ ತಲೆದೆಸೆಯಲ್ಲಿ ಇಡಲು ಒಂದು ಫೋಟೋ ಬೇಕಿತ್ತು.

"ಇಷ್ಟು ವರ್ಷ ಬಾಳಿದಾಳೆ, ಒಂಟಿಯಾಗಿ ಒಂದು ಫೋಟೋ ಇಲ್ವಲ್ಲೇ," ಅಂದಳು ಚಿಕ್ಕಮ್ಮ. "ಗುರುತಿನ ಚೀಟಿಯಲ್ಲಿರೋದನ್ನ ಇಟ್ರೆ ಬಂದವರು ಕಳ್ಳಿ ಅಂದ್ಕೋತಾರೆ."

ಯಾರಾದರೂ ಮೊಬೈಲು ಎತ್ತಿದರೆ ಸಾಕು, ಅಮ್ಮ ಮುಖ ತಿರುಗಿಸಿಬಿಡುತ್ತಿದ್ದಳು. ಮನೆಯಲ್ಲಿದ್ದದ್ದು ಗೋಡೆಯ ಮೇಲಿನ ಈ ಏಳೇ. ಏಳೂ ಒಂದೇ ತರಹ: ಅಮ್ಮ ಕುರ್ಚಿಯಲ್ಲಿ, ಅಪ್ಪ ಹಿಂದೆ, ಪಕ್ಕದಲ್ಲಿ ಅಣ್ಣ, ಅವನ ಭುಜದ ಮೇಲೆ ಅಮ್ಮನ ಬಲಗೈ. ಒಂದೊಂದರಲ್ಲೂ ಅಣ್ಣ ಎತ್ತರವಾಗುತ್ತ ಹೋಗಿದ್ದ. ಅವನು ಜ್ವರದಲ್ಲಿ ತೀರಿಕೊಂಡದ್ದು ಒಂಬತ್ತನೇ ವಯಸ್ಸಿನಲ್ಲಿ, ಮೊದಲನೇ ಫೋಟೋ ತೆಗೆಸುವ ಮುಂಚೆ.

ಬೀದಿಯ ಹೆಂಗಸರು ಬರುತ್ತಲೇ ಇದ್ದರು. ಅವರ ಮಕ್ಕಳ ಶಾಲೆಯ ಬಟ್ಟೆಯನ್ನೆಲ್ಲ ಹೊಲಿದವಳು ಅಮ್ಮನೇ. ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದಳು, ಮಗು ಬೆಳೆದರೆ ಬಿಚ್ಚಲಿ ಎಂದು ಅಂಚಿನಲ್ಲಿ ಎರಡು ಇಂಚು ಮಡಿಸಿಡುತ್ತಿದ್ದಳು ಎಂದು ಅವರವರಲ್ಲೇ ಹೇಳಿಕೊಂಡರು. ಹೊಸದಾಗಿ ಬಾಡಿಗೆಗೆ ಬಂದಾಕೆಯೊಬ್ಬಳು ಫೋಟೋಗಳನ್ನು ನೋಡಿ, ಇದರಲ್ಲಿ ನೀವೆಲ್ಲಿ ಎಂದು ಮಗಳನ್ನು ಕೇಳಿದಳು.

"ಇವಳು ಫೋಟೋಗೆ ಅಂದ್ರೆ ನಿಲ್ತಾನೇ ಇರ್ಲಿಲ್ಲ, ಮಹಾ ಹಟಮಾರಿ," ಎಂದು ಚಿಕ್ಕಮ್ಮ ಉತ್ತರ ಕೊಟ್ಟಳು. ಇಪ್ಪತ್ತಾರು ವರ್ಷದಿಂದ ಕೊಡುತ್ತ ಬಂದ ಉತ್ತರ ಅದು.

*

ಮೊದಲನೇ ಸಲ ಮಗಳಿಗೆ ಎಂಟು ವರ್ಷ. ಅಮ್ಮ ಹೊಸ ಶರಟು ಹೊಲಿದು ತೊಡಿಸಿದಾಗ ತನಗೇ ಎಂದು ಕುಣಿದಿದ್ದಳು. ಸ್ಟುಡಿಯೋದಲ್ಲಿ ಫೋಟೋದವರು ಅವಳನ್ನು ಎರಡಿಂಚಿನ ಮಣೆಯ ಮೇಲೆ ನಿಲ್ಲಿಸಿದರು, ಅಣ್ಣ ಅಷ್ಟು ಎತ್ತರ ಇದ್ದನಂತೆ. ಅವರ ಕೆಲಸದ ರೀತಿಯೇ ಹಾಗೆ. ಮಕ್ಕಳನ್ನು ಕಳೆದುಕೊಂಡವರು ಬಂದರೆ ಅಷ್ಟೇ ಮೈಕಟ್ಟಿನ ಇನ್ನೊಂದು ಮಗುವನ್ನು ಕರೆತನ್ನಿ ಅನ್ನುತ್ತಿದ್ದರು. ಖಾಲಿ ಜಾಗದ ಮೇಲೆ ತಾಯಿಯ ಕೈ ಸರಿಯಾಗಿ ಕೂರುವುದಿಲ್ಲ ಎನ್ನುವುದನ್ನು ಅವರು ಕಂಡುಕೊಂಡಿದ್ದರು. ಆಮೇಲೆ ತೆಗೆದ ಫೋಟೋದಲ್ಲಿ ಆ ಮಗುವಿನ ತಲೆ ಕತ್ತರಿಸಿ, ಹೋದ ಮಗುವಿನ ತಲೆ ಅಂಟಿಸಿ, ಅಂಚು ತಿದ್ದಿ, ಅದನ್ನೇ ಮತ್ತೊಮ್ಮೆ ಫೋಟೋ ಹೊಡೆಯುತ್ತಿದ್ದರು.

"ಕತ್ತು ನೆಟ್ಟಗಿರಲಿ ಮರಿ. ಮುಖ ಹೇಗಿದ್ರೂ ನಡೆಯುತ್ತೆ."

ಮುಖ ಹೇಗಿದ್ದರೂ ನಡೆಯುತ್ತದೆ ಎಂದಮೇಲೆ ಅವಳು ಎರಡನೇ ವರ್ಷ ನಾಲಿಗೆ ಚಾಚಿದಳು, ಮೂರನೇ ವರ್ಷ ಕಣ್ಣು ಮುಚ್ಚಿಕೊಂಡಳು. ಯಾರೂ ಬೈಯಲಿಲ್ಲ. ಅಮ್ಮ ಅವಳನ್ನು ಮುಟ್ಟುತ್ತಿದ್ದದ್ದೇ ಕಡಿಮೆ. ಆ ಒಂದು ನಿಮಿಷ ಮಾತ್ರ ಭುಜವನ್ನು ಬಿಗಿಯಾಗಿ ಹಿಡಿಯುತ್ತಿದ್ದಳು, ಬೆರಳ ಗುರುತು ಮೂಡುವಷ್ಟು. ಮಗಳು ವರ್ಷವಿಡೀ ಆ ನಿಮಿಷಕ್ಕೆ ಕಾಯುತ್ತಿದ್ದಳು.

ಏಳನೇ ವರ್ಷ ಅವಳಿಗೆ ಹದಿನಾಲ್ಕು. ಶರಟು ಹುಡುಗನ ಮೈಮೇಲೆ ಕೂರುವ ಹಾಗೆ ಕೂರಲಿಲ್ಲ. ಫೋಟೋದವರು ಕ್ಯಾಮೆರಾದಿಂದ ತಲೆ ಎತ್ತಿ, ಇದೊಂದೇ, ಇನ್ನು ಸಾಕಮ್ಮ ಎಂದರು. ಮಗಳು ಆ ಸಲ ಕತ್ತು ತಿರುಗಿಸಿ ಅಮ್ಮನ ಮುಖ ನೋಡಿದಳು. ಅಮ್ಮ ಕ್ಯಾಮೆರಾ ನೋಡುತ್ತಿದ್ದಳು. ಅಲ್ಲಿಂದ ಮುಂದೆ ಅಮ್ಮ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ, ಮಗಳ ಭುಜವನ್ನೂ ಹಿಡಿಯಲಿಲ್ಲ.

*

ಹತ್ತೂವರೆಗೆ ಫೋಟೋದವರು ತಾವೇ ಬಂದರು. ಮುದುಕರಾಗಿದ್ದರು. ಅಮ್ಮನ ಕಾಲಬಳಿ ನಿಂತಿದ್ದು, ಈಚೆ ಬಂದು ಏಳನೇ ಫೋಟೋ ಆರಿಸಿಕೊಂಡರು.

ಕತ್ತರಿಸಿದ ತಲೆಗಳನ್ನು ಏನು ಮಾಡಿದಿರಿ ಎಂದು ಮಗಳು ಕೇಳಿದಳು. ಅಮ್ಮ ಪ್ರತಿ ಸಲ ಲಕೋಟೆಯಲ್ಲಿ ಹಾಕಿಸಿಕೊಂಡು ಒಯ್ಯುತ್ತಿದ್ದರು, ಕಸಕ್ಕೆ ಬಿಡುತ್ತಿರಲಿಲ್ಲ ಎಂದರು ಅವರು.

ಅವಳು ಹೊಲಿಗೆ ಯಂತ್ರದ ಖಾನೆ ಎಳೆದಳು. ಗುಂಡಿಗಳ ಡಬ್ಬಿಯ ತಳದಲ್ಲಿ, ಬಿಳಿ ಗುಂಡಿಗಳ ನಡುವೆ, ರೂಪಾಯಿ ನಾಣ್ಯದಷ್ಟು ಏಳು ತಲೆ ಸಿಕ್ಕವು. ನಗುವ ತಲೆ, ನಾಲಿಗೆ ಚಾಚಿದ್ದು, ಕಣ್ಣು ಮುಚ್ಚಿದ್ದು. ಪಕ್ಕಕ್ಕೆ ತಿರುಗಿದ್ದು. ಅಮ್ಮ ತನ್ನನ್ನು ಎತ್ತಿಟ್ಟುಕೊಂಡಿದ್ದಳು. ಒಂದೊಂದನ್ನೇ ಮಗುಚಿದಳು. ಮೊದಲನೆಯದರ ಹಿಂದೆ ಸಣ್ಣಗೆ ಅಮ್ಮನ ಪೆನ್ಸಿಲ್ ಅಕ್ಷರ, ಮುಂದಿನ ವರ್ಷದ ಶರಟಿಗೆ: "ಮಗ. ಭುಜ ಹನ್ನೊಂದೂವರೆ, ತೋಳು ಹದಿನಾರು." ಏಳನೆಯದರ ಹಿಂದೆ ಏನೂ ಬರೆದಿರಲಿಲ್ಲ.

ಆ ಏಳನೆಯದನ್ನೇ ಅವಳು ಫೋಟೋದವರ ಅಂಗೈಗೆ ಹಾಕಿದಳು.

"ಇದನ್ನ ಆ ಫೋಟೋದಲ್ಲಿ ಇದರ ಜಾಗಕ್ಕೇ ಅಂಟಿಸಿ ಕೊಡಿ. ನಾನೂ ಅಮ್ಮನೂ ಇರೋದು ಒಂದು ಬೇಕು. ಅದನ್ನೇ ತಲೆದೆಸೇಲಿ ಇಡೋಣ."

ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಅವನ ತಲೆ ತೆಗೆಸ್ತೀಯಾ?"

"ಮೈ ನಂದು, ಅಪ್ಪ."

"ನಿಮ್ಮಮ್ಮನಿಗೆ ಅದು ಅವನ ಭುಜ."

"ಶರಟು ನನಗೆ ತೊಡಿಸ್ತಿದ್ದವಳು ಅವಳೇ. ಅವಳಿಗೆ ಗೊತ್ತಿರ್ಲಿಲ್ವಾ?"

ಅಪ್ಪ ಗೋಡೆ ಹಿಡಿದುಕೊಂಡು ಕೂತರು. "ಇವತ್ತು ಒಂದೇ ದಿನ ಎರಡು ಸಾವು ಬೇಡ ಕಣಮ್ಮ," ಅಂದರು.

ಫೋಟೋದವರು ಅಂಗೈ ಚಾಚಿಕೊಂಡೇ ಇದ್ದರು. ಮಗಳು ತಲೆಯನ್ನು ಎತ್ತಿಕೊಂಡು ಡಬ್ಬಿಗೆ ಹಾಕಿ ಮುಚ್ಚಿದಳು. ಅಮ್ಮನೊಬ್ಬಳನ್ನೇ ಬಿಡಿಸಿಕೊಡಿ ಎಂದಳು.

ಎರಡೂವರೆಗೆ ಫೋಟೋ ಬಂತು. ಅಮ್ಮ ಒಬ್ಬಳೇ ಕುರ್ಚಿಯಲ್ಲಿದ್ದಳು. ಬಲತೋಳು ಕಟ್ಟಿನ ಅಂಚಿನವರೆಗೆ ಚಾಚಿ, ಮಣಿಕಟ್ಟಿಗೆ ನಿಂತುಹೋಗಿತ್ತು. ಹಸ್ತ ಉಳಿಸಿದ್ದರೆ ಗಾಳಿಯಲ್ಲಿ ತೂಗಿಬಿಟ್ಟ ಹಾಗೆ ಕಾಣುತ್ತಿತ್ತು ಎಂದು ಫೋಟೋದವರು ಸಮಜಾಯಿಷಿ ಹೇಳಿದರು. ಅಪ್ಪ ಉಳಿದ ಆರನ್ನೂ ಗೋಡೆಯ ಮಾಸದ ಚೌಕಗಳ ಮೇಲೆ ಒಂದೊಂದಾಗಿ ನೇತುಹಾಕಿ, ಸ್ಟುಡಿಯೋದಿಂದ ವಾಪಸು ಬಂದ ಏಳನೆಯದಕ್ಕೆ ಕೈ ಚಾಚಿದರು.

ಮಗಳು ಫೋಟೋವನ್ನು ತಲೆದೆಸೆಯಲ್ಲಿಟ್ಟು, ತೋಳು ಚಾಚಿದ ಮಗ್ಗುಲಿಗೆ ಹೋಗಿ ಕತ್ತು ನೆಟ್ಟಗೆ ಮಾಡಿಕೊಂಡು ನಿಂತಳು.

"ಸ್ವಲ್ಪ ಆಚೆ ಸರಿಯೇ," ಅಂದಳು ಚಿಕ್ಕಮ್ಮ. "ಬಂದವರಿಗೆ ಫೋಟೋ ಕಾಣ್ತಿಲ್ಲ."

ಅವಳು ಸರಿದಳು. ಏಳುನೂರಕ್ಕೆ ಅಮ್ಮ ಸಿಕ್ಕಿದಳು. ಕೈ ಹೋಯಿತು.