ಆರಾಧನೆಯ ಹೋಳಿಗೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹದಿಮೂರು ಸಾವಿರ ಸಂಬಳದ ಗುಮಾಸ್ತನಾಗಿದ್ದ ಶಿವಲಿಂಗಪ್ಪ ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂದ ದಿನವೇ, ಅವನ ಕ್ರೆಡಿಟ್ ಕಾರ್ಡಿನ ಸಾಲವೂ ತಾಯಿ ಮಹದೇವಮ್ಮನಿಗೆ ತಿಳಿಯಿತು. ಹೆಣದ ಮುಂದೆ ಅಳುತ್ತಿದ್ದ ದಾಯಾದಿ ಬಸವಕುಮಾರ್ ಕಣ್ಣೊರೆಸಿಕೊಂಡು ಸತ್ತವರ ಹೆಸರಲ್ಲಿ ಮಾಡುವ ಆರಾಧನೆಯ ಊಟದ ಮಾತೆತ್ತಿದ.

"ದೊಡ್ಡವ್ವ, ಹೋಳಿಗೆ ಇಲ್ದಿದ್ರೆ ಜನ ಆಡ್ಕೋತಾರೆ. ಹೆಂಗೂ ಅಣ್ಣನ ಕಾರ್ಡ್ ಐತಲ್ಲ, ದುಡ್ಡು ತೆಗೆಯಾಣ."

"ನಿನ್ನ ಮಗನ ನಾಮಕರಣಕ್ಕೂ ಅದ್ರಲ್ಲೇ ತೆಗೆಸ್ದ್ಯಲ್ಲಪ್ಪ! ಬದುಕಿದ್ದಾಗ ತಿಂದೆ, ಸತ್ತ ಮೇಲೂ ತಿಂತೀಯಾ? ಥೂ, ರಣಹದ್ದಿಗಾದ್ರೂ ನಾಚ್ಕೆ ಐತೆ ಕಣೋ!"

ಮಹದೇವಮ್ಮ ಕಾರ್ಡನ್ನು ಅಡಕತ್ತರಿಗೆ ಸಿಕ್ಕಿಸಿ ತುಂಡು ಮಾಡಿದಳು. ಆರಾಧನೆಗೆ ಜಂಗಮರಿಗೆ ಅನ್ನ ಸಾರು ಬಡಿಸಿದಳು. ಹೋಳಿಗೆಯಿಲ್ಲವೆಂದು ಬಸವಕುಮಾರ್ ಬರಲೇ ಇಲ್ಲ. ಅವನ ಪಾಲನ್ನು ಹಸುವಿಗಿಟ್ಟು, ವಿಭೂತಿ ಧರಿಸಿ ಅವಳು ಕೈಮುಗಿದಳು: "ಶಿವನೇ, ಕೇಳಿದವರಿಗೆ ಇಲ್ಲ ಅನ್ನಲಾರದೆ ಸೋತ ನನ್ನ ಮಗನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು."