ಕೋಟು ತೊಟ್ಟವನಿಗೆ ಜಗಳವಿಲ್ಲ

ಮಾಡಿನಿಂದ ಜಾರುವ ಹಿಮ ಯಾರ ಅಂಗಳಕ್ಕೆ ಬೀಳಬೇಕು ಎಂಬ ವ್ಯಾಜ್ಯ ಜಪಾನಿನ ಈ ನಮ್ಮ ಕಮಿನೊಸಾವ ಹಳ್ಳಿಯಲ್ಲಿ ಹಿಮದಷ್ಟೇ ಹಳೆಯದು. ಸೋಯಾ ಕಾಳಿನ ಮಿಸೊ ಹುದುಗಿಸಿ ಮಾರುವ ಕಿಸಾಬುರೊನಿಗೂ ಪಕ್ಕದ ಮನೆಯ ತೊಮೊನೊರಿಗೂ ಇದೇ ಕಾರಣಕ್ಕೆ ಮಾತು ನಿಂತಿತ್ತು. ತೊಮೊನೊರಿ ನಮ್ಮ ಊರಿನ ಸ್ವಯಂಸೇವಕ ಅಗ್ನಿದಳದ ಮುಖ್ಯಸ್ಥ.

ದೊಡ್ಡ ಹಿಮ ಬೀಳುವ ಮೊದಲು ದಳದವರು ಮನೆಮನೆಗೆ ಬಂದು ಒಲೆ, ಹೊಗೆಕೊಳವೆಗಳನ್ನು ಪರೀಕ್ಷಿಸಿ, ಹಿಮದಲ್ಲೂ ಗುರುತು ಸಿಗಲೆಂದು ಬಾವಿಯ ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಬಿದಿರನ್ನು ನೆಟ್ಟುಹೋಗುವುದು ವಾಡಿಕೆ. ಆ ಪರೀಕ್ಷೆಯ ದಿನ ತೊಮೊನೊರಿ ಕಿಸಾಬುರೊನ ಬಾಗಿಲು ತಟ್ಟಿದ. ಕಿಸಾಬುರೊ ಒಳಗಿನಿಂದ ಅಗುಳಿ ಹಾಕಿದ.

"ಆ ಮನುಷ್ಯ ನನ್ನ ಹೊಸಿಲು ದಾಟಕೂಡದು. ಬೆಂಕಿ ಬಿದ್ರೆ ಪೇಟೆಯಿಂದ ಗಾಡಿ ಬರುತ್ತೆ. ಫೋನ್ ಇಲ್ವಾ ನಮ್ಮಲ್ಲಿ?"

ಸೊಸೆ ಚಿಹಾರು ಕಾಳು ಆರಿಸುತ್ತಿದ್ದಳು. ಅಗ್ನಿದಳ ಸೇರಬೇಕೆಂದು ಅವಳಿಗೆ ಬಹಳ ಆಸೆ. ಮಾವನ ಒಪ್ಪಿಗೆ ಮಾತ್ರ ಸಿಕ್ಕಿರಲಿಲ್ಲ.

"ಹಿಮ ಬಿದ್ಮೇಲೆ ಹಾಲಿನ ಗಾಡಿನೇ ಕಣಿವೆ ಹತ್ತಲ್ಲ ಮಾವ. ಬೆಂಕಿ ಗಾಡಿ ಹಾರ್ಕೊಂಡು ಬರುತ್ತಾ?"

"ನೀನು ಯಾರ ಕಡೆ?"

"ಅತ್ತೆ ಕಡೆ. ಅವರಿಗೆ ಎದ್ದು ಓಡೋಕಾಗಲ್ಲ."

ಅತ್ತೆ ಸುಮಿ ಸೊಂಟ ಮುರಿದುಕೊಂಡು ಒಲೆಯ ಗೋಡೆಯ ಆಚೆಯ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು.

"ಈ ಊರಿನವರನ್ನ ನಂಬೋದಾ?" ಕಿಸಾಬುರೊ ರೇಗಿದ. "ನಮ್ಮಜ್ಜನ ಉಗ್ರಾಣ ಉರಿವಾಗ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡಿದ್ರು!"

ಆ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಹೇಳುವುದು ಧರ್ಮ. ಕಾಲುವೆ ನೀರಿನ ಜಗಳದಲ್ಲಿ ಆ ಅಜ್ಜನಿಗೆ ಊರು ಬಹಿಷ್ಕಾರ ಹಾಕಿತ್ತು. ಮನುಷ್ಯರ ನಡುವಿನ ಹತ್ತು ವ್ಯವಹಾರಗಳಲ್ಲಿ ಎಂಟನ್ನು ಕಡಿಯಬಹುದು, ಬೆಂಕಿ ಮತ್ತು ಸಾವು ಎಂಬ ಎರಡನ್ನು ಕಡಿಯಬಾರದು ಎಂಬುದು ಜಪಾನಿನ ಹಳ್ಳಿಗಳ ಹಳೆಯ ಕಟ್ಟಳೆ. ಆದ್ದರಿಂದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಊರಿಗೆ ಊರೇ ಬಕೆಟ್ ಹಿಡಿದು ಓಡಿಬಂದಿತು. ಆದರೆ ಬಾವಿ ಆಳೆತ್ತರದ ಹಿಮದಡಿ ಹೂತುಹೋಗಿತ್ತು. "ನಿನ್ನ ಬಾವಿ ಎಲ್ಲಿ?" ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಕಡಿದುಕೊಂಡ ಮಾತನ್ನು ಮತ್ತೆ ಆಡಿದಂತಾಗುತ್ತಿತ್ತು. ಅಜ್ಜನೂ ಹೇಳಲಿಲ್ಲ, ಹೇಳಿದರೆ ಬೇಡಿದಂತಾಗುತ್ತಿತ್ತು. ಎಲ್ಲರೂ ಮೂಕರಂತೆ ಬೊಗಸೆ ಬೊಗಸೆ ಹಿಮ ಎರಚಿದರು. ಉಗ್ರಾಣ ಬೂದಿಯಾಯಿತು. ನೀರು ಅವರ ಕಾಲಡಿಯಲ್ಲೇ ಇತ್ತು.

ಆ ವಸಂತದಲ್ಲಿ ನಾಚಿಕೆಯಿಂದ ಹುಟ್ಟಿದ್ದು ನಮ್ಮ ಅಗ್ನಿದಳ. ಪಂಪು ಬರುವುದಕ್ಕೂ ಮೊದಲೇ ನಿಯಮ ಬಂದಿತು: ದಳದ ನೀಲಿ ಕೋಟು ತೊಟ್ಟವನಿಗೆ ಜಗಳವಿಲ್ಲ, ಅವನು ಯಾರನ್ನು ಬೇಕಾದರೂ ಕೇಳಬಹುದು, ಅವನಿಗೆ ಎಲ್ಲರೂ ಉತ್ತರಿಸಬೇಕು. ಆಮೇಲೆ ಗಂಟೆಯ ಗೋಪುರ ಎದ್ದಿತು, ಹೆಗಲ ಮೇಲೆ ಹೊರುವ ಕೈಪಂಪು ಬಂದಿತು. ಗಂಡಸರು ಯುದ್ಧಕ್ಕೆ ಹೋದಾಗ ಆ ಪಂಪನ್ನು ಹೊತ್ತವರು ನಮ್ಮ ತಾಯಂದಿರು. ಆ ಅಜ್ಜನೂ ಕೊನೆಗೆ ದಳ ಸೇರಿದ. ಆದರೆ ಮನಸ್ಸು ಮಾಡಲು ವರ್ಷಗಟ್ಟಲೆ ಹಿಡಿಯಿತು. ಹಟ ಆ ಮನೆಯ ರಕ್ತದಲ್ಲೇ ಇದೆ.

ಗೋಡೆಯ ಆಚೆಯಿಂದ ಸುಮಿಯ ದನಿ ಬಂತು. "ನಿಮ್ಮಜ್ಜನ ಬಾಯಿಗೂ ಬೀಗ ಇತ್ತಲ್ಲ, ಅದನ್ನ್ಯಾಕೆ ನುಂಗ್ತೀರಿ? ಬಾಗಿಲು ತೆಗೀರಿ. ಆಚೆ ನಿಂತೋನು ಹೆಪ್ಪುಗಟ್ಟಿ ಹೋಗ್ತಾನೆ."

ಕಿಸಾಬುರೊ ಗೊಣಗುತ್ತ ಅಗುಳಿ ತೆಗೆದ. ನೀಲಿ ಕೋಟಿನ ತೊಮೊನೊರಿ ತಲೆಬಾಗಿ, ಚಪ್ಪಲಿ ಬಿಟ್ಟು ಒಳಗೆ ಬಂದ.

"ನಿನ್ನ ಮಾಡಿನ ಹಿಮ ನನ್ನ ಮಿಸೊ ಪೀಪಾಯಿ ಮೇಲೆ..." ಕಿಸಾಬುರೊ ಶುರುಮಾಡಿದ.

"ಕೋಟು ಹಾಕಿದ್ದೀನಿ ಕಿಸಾಬುರೊಸಾನ್. ಜಗಳ ಬೇಕಿದ್ರೆ ನಾಳೆ ಬಿಚ್ಚಿಟ್ಟು ಬರ್ತೀನಿ."

ಹೊಗೆಕೊಳವೆ ಗೋಡೆಯನ್ನು ಹಾಯುವ ಜಾಗದಲ್ಲಿ ಅವನು ಅಂಗೈ ಇಟ್ಟ. ಅವನ ಮುಖ ಬದಲಾಯಿತು.

"ಇಲ್ಲಿ ಕೈ ಇಡಿ."

ಕಿಸಾಬುರೊ ಇಟ್ಟ, ಚಟ್ಟನೆ ಹಿಂದೆಗೆದ. ಗೋಡೆಯ ಹಲಗೆ ಒಳಗೊಳಗೇ ಸೀದು, ಹುರಿದ ಬಾರ್ಲಿಯಂತೆ ಕಪ್ಪಾಗಿತ್ತು. ಆ ಹಲಗೆಯ ಆಚೆ ಬದಿಗೆ ಸುಮಿಯ ದಿಂಬು.

"ಎಷ್ಟು ದಿನ ತಡೀತಿತ್ತು?" ಕಿಸಾಬುರೊ ಕೇಳಿದ.

"ನಾನು ಹೇಳಲಾರೆ. ಈಗ ಒಲೆ ಆರಿಸಿ. ಕೊಳವೆ ತುಂಬ ಮಸಿ ಕಟ್ಟಿದೆ, ಗುಡಿಸಬೇಕು. ಗೋಡೆಗೂ ಕೊಳವೆಗೂ ನಡುವೆ ಅಂತರ ಬಿಡಬೇಕು."

ಕಿಸಾಬುರೊ ಕೆಂಡವನ್ನೆಲ್ಲ ತಾನೇ ತೆಗೆದು ಆರಿಸಿದ. ಸುಮಿಯ ಹಾಸಿಗೆಯನ್ನು ಸೊಸೆಯೊಡನೆ ಎತ್ತಿ ಬೇರೆ ಗೋಡೆಯ ಬಳಿಗೆ ಸರಿಸಿದ. ಅನಂತರ ಯಾರೂ ಕೇಳದೆಯೇ ಅಂಗಳಕ್ಕಿಳಿದು, "ಬಾವಿ ಇಲ್ಲಿದೆ," ಎಂದ. ತೊಮೊನೊರಿ ಬಿದಿರು ಬಡಿಯುವವರೆಗೂ ಅದನ್ನು ಅಲುಗದಂತೆ ಹಿಡಿದು ನಿಂತ.

"ಮಾವ, ನಾನು ದಳಕ್ಕೆ..." ಚಿಹಾರು ಆರಂಭಿಸಿದಳು.

"ಆ ಕೋಟು ನಿನಗೆ ಮೊಣಕಾಲಿನವರೆಗೆ ಬರುತ್ತೆ."

"ಮಡಿಸಿ ಹೊಲ್ಕೊಳ್ತೀನಿ."

"ಗಟ್ಟಿ ದಾರದಲ್ಲಿ ಹೊಲಿ," ಎಂದ ಕಿಸಾಬುರೊ.

ಮರುದಿನ ತೊಮೊನೊರಿ ಮಾತಿನಂತೆ ಕೋಟಿಲ್ಲದೆ ಬಂದ. ಹಿಮದ ವಿಷಯಕ್ಕೆ ಇಬ್ಬರೂ ಮಧ್ಯಾಹ್ನದವರೆಗೆ ಕಿತ್ತಾಡಿದರು. ಸುಮಿ ಹಾಸಿಗೆಯಿಂದಲೇ ತೀರ್ಪು ಕೊಟ್ಟಳು, ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ.

ಬಂಧುಗಳೇ, ನಿಮ್ಮ ಒಲೆಯ ಹಿಂದಿನ ಗೋಡೆಗೆ ಇಂದು ಕೈ ಇಟ್ಟು ನೋಡಿ. ಹೊಗೆಕೊಳವೆ ಗುಡಿಸಿ. ದಳದವರು ಬಂದರೆ ಬಾಗಿಲು ತೆರೆಯಿರಿ. ಮೈಯಲ್ಲಿ ಕಸುವಿರುವ ಮಗನನ್ನೋ ಸೊಸೆಯನ್ನೋ ದಳಕ್ಕೆ ಕಳಿಸಿ. ಎಲ್ಲಕ್ಕಿಂತ ಮೊದಲು, ನೀವು ಮಾತು ಬಿಟ್ಟ ನೆರೆಯವರ ಮನೆಗೆ ಹೋಗಿ ನಿಮ್ಮ ನೀರು ಎಲ್ಲಿದೆ ಎಂದು ತಿಳಿಸಿ ಬನ್ನಿ. ಜಗಳಕ್ಕೆ ನಾಳೆ ಇದೆ. ಬೆಂಕಿಗೆ ನಾಳೆ ಎಂಬುದಿಲ್ಲ.