ಮೈನಸ್ ಹತ್ತು

"ಲೆಕ್ಕ ತಪ್ಪಾದ್ರೆ ಲೆಕ್ಕ ತಿದ್ಬೇಕು. ಇಲ್ಲಿ ಯಾರೋ ಪುಣ್ಯಾತ್ಮರು ಉತ್ತರಾನೇ ತಿದ್ದಿಬಿಟ್ಟಿದ್ದಾರಲ್ಲ ಅಕ್ಕಾ!"

ಪಕ್ಕದ ಮೇಜಿನ ಕನ್ನಡಕದವಳ ಮಾತಿಗೆ, ಪ್ರೋಗ್ರಾಮುಗಳ ತಪ್ಪು ಹುಡುಕುವ ಪರೀಕ್ಷಕಿ ಬಗ್ಗಿ ನೋಡಿದಳು. ಪರದೆಯ ಮೇಲೆ ಚಿತ್ರ ಬಿಡಿಸಲು ಅವರ ಕಂಪನಿ ಬರೆದ ಪ್ರೋಗ್ರಾಮುಗಳ ಲೈಬ್ರರಿಯಲ್ಲಿ ಅದೊಂದು ಫಂಕ್ಷನ್, ಐದು ಸಾಲಿನ ಪುಟ್ಟ ಲೆಕ್ಕ. ಎಂಥ ಕೋನ ಕೊಟ್ಟರೂ ಸೊನ್ನೆಯಿಂದ ಮುನ್ನೂರರವತ್ತರೊಳಗೆ ತಂದುಕೊಡಬೇಕು. ಮೈನಸ್ ಹತ್ತಕ್ಕೆ, ಅಂದರೆ ಎಡಕ್ಕೆ ಹತ್ತು ಡಿಗ್ರಿಗೆ, ಮುನ್ನೂರೈವತ್ತು ಬರಬೇಕು, ಬರುತ್ತಿದ್ದುದು ಹತ್ತು. ತಪ್ಪು ಹಿಡಿಯಲೆಂದೇ ಬರೆದ ಟೆಸ್ಟಿನಲ್ಲೂ ಸರಿಯುತ್ತರ ಹತ್ತು ಎಂದೇ ಇತ್ತು. ಹಾಗಾಗಿ ನಾಲ್ಕು ವರ್ಷದಿಂದ ದಿನವೂ ‘ಎಲ್ಲ ಸರಿ’ ಎಂಬ ಹಸಿರು ಗುರುತು.

ನಿನ್ನೆ, ಆ ಲೈಬ್ರರಿ ಬಳಸುವ ಆಸ್ಪತ್ರೆಯಿಂದ ದೂರು ಬಂದಿತ್ತು. ಎಡಕ್ಕೆ ವಾಲಿದ ಮೂಳೆ ಪರದೆಯಲ್ಲಿ ಬಲಕ್ಕೆ ವಾಲಿದೆ. ಅದನ್ನು ನಂಬಿ ಒಬ್ಬ ಹೆಂಗಸಿನ ಮೊಣಕಾಲಿಗೆ ಗೆರೆ ಎಳೆದೂ ಆಗಿತ್ತು. ಕೊಯ್ಯುವ ಮೊದಲು ನರ್ಸಿಗೆ ಅನುಮಾನ ಬಂದದ್ದರಿಂದ ಬಚಾವು.

"ತಿದ್ದಿದ್ದು ಯಾರು?" ಯಜಮಾನರು ಬಾಗಿಲಲ್ಲೇ ನಿಂತು ಕೇಳಿದರು.

"ದಾಖಲೆಯಲ್ಲಿ ಮೇಷ್ಟ್ರ ಹೆಸರಿದೆ ಸರ್," ಎಂದಳು ಕನ್ನಡಕದವಳು, ತಗ್ಗಿದ ದನಿಯಲ್ಲಿ.

ಅಲ್ಲಿದ್ದವರಿಗೆಲ್ಲ ಕೆಲಸ ಕಲಿಸಿದ ಹಿರಿಯ ಪ್ರೋಗ್ರಾಮರ್‌ಗೆ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. "ನಾನೇ ಇರ್ಬೇಕು. ವಯಸ್ಸಾಯ್ತಲ್ಲಪ್ಪ, ಪ್ಲಸ್ಸೂ ಮೈನಸ್ಸೂ ಒಂದೇ ಥರ ಕಾಣುತ್ತೆ," ಎಂದು ನಕ್ಕರು. ಯಾರೂ ನಗಲಿಲ್ಲ.

ಪರೀಕ್ಷಕಿಗೆ ನಾಲ್ಕು ವರ್ಷದ ಹಿಂದಿನ ಆ ಸಂಜೆ ಚೆನ್ನಾಗಿ ನೆನಪಿತ್ತು. ತನ್ನ ಕಂಪ್ಯೂಟರ್ ಕೆಟ್ಟು ಮೇಷ್ಟ್ರದ್ದರಲ್ಲಿ ಕೆಲಸ ಮಾಡುತ್ತಿದ್ದಳು. ಶಾಲೆ ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಮಗಳು ಒಬ್ಬಳೇ ಗೇಟಿನ ಹತ್ತಿರ ನಿಂತಿದ್ದಾಳೆಂದು ಕಾವಲುಗಾರನ ಫೋನ್ ಮೇಲೆ ಫೋನ್. ಒಂದೇ ಒಂದು ಕೆಂಪು ಗುರುತು ಉಳಿದಿತ್ತು. ನಾಳೆ ನೋಡಿದರಾಯಿತೆಂದು ಮುನ್ನೂರೈವತ್ತು ಅಳಿಸಿ ಹತ್ತು ಎಂದು ಬರೆದು ಓಡಿದ್ದಳು. ಮರುದಿನ ಬೇರೆ ಕೆಲಸ ಮೈಮೇಲೆ ಬಿತ್ತು. ಹಸಿರಾಗಿರುವುದನ್ನು ಯಾರು ಕೆದಕುತ್ತಾರೆ?

"ಅವರಲ್ಲ ಸರ್. ನಾನು."

"ನಿಂಗೇನು ತಲೆಗಿಲೆ ಕೆಟ್ಟಿದ್ಯೇನಮ್ಮ?" ಮೇಷ್ಟ್ರು ಗದರಿದರು. "ಇನ್ನಾರು ತಿಂಗಳಿಗೆ ಮನೇಗ್ ಹೋಗೋನು ನಾನು. ನನ್ ತಲೆಗೇ ಕಟ್ಟಿದ್ರೆ ಏನಾಗ್ತಿತ್ತು?"

"ಉತ್ತರ ತಿದ್ದೋದನ್ನ ನೀವು ಹೇಳ್ಕೊಟ್ಟಿರ್ಲಿಲ್ಲ ಮೇಷ್ಟ್ರೇ."

ಯಜಮಾನರು ಒಳಗೆ ಬಂದು ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆ ಸರಿಸಿದರು. "ಆಸ್ಪತ್ರೆಗೆ ನೀವೇ ಫೋನ್ ಮಾಡಿ ಹೇಳಿ. ಆಮೇಲೆ ನಿಮ್ಮನ್ನ ಕೆಲಸದಲ್ಲಿ ಇಟ್ಕೊಳ್ತೀನಿ ಅಂತ ಮಾತು ಕೊಡೋಕಾಗಲ್ಲ," ಎಂದರು.

"ಗೊತ್ತು ಸರ್."

ಅವಳು ನಂಬರ್ ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಆ ಕಡೆ ಯಾರೋ ಎತ್ತಿದರು. ಮೇಷ್ಟ್ರು ಎದ್ದು ಹೋಗಿ, ಅವಳಿಗೆ ಕೇಳಿಸಲೆಂದು, ಫ್ಯಾನ್ ಆರಿಸಿದರು.